ಯಾವಾಗ ವೇಷ ಕಟ್ತೀರಿ ಅಂತ ಕೇಳಬೇಡಿ

ನನ್ನ ಅಂಗಡಿಗೆ ಬ್ಲೌಸ್ ಹೊಲಿಸೋಕೆ ಬರುವವರು ಈಗ ಎರಡು ಪ್ರಶ್ನೆ ಕೇಳುತ್ತಾರೆ. ಒಂದು, "ಅಕ್ಕ, ನಂದು ಯಾವಾಗ ಕೊಡ್ತೀರಿ?" ಇನ್ನೊಂದು, "ನೀವು ಯಾವಾಗ ವೇಷ ಕಟ್ತೀರಿ?"

ಮೊದಲನೇದಕ್ಕೆ ಉತ್ತರ ಸುಲಭ. 22 ವರ್ಷದಿಂದ ಒಂದೇ ಉತ್ತರ ಕೊಡುತ್ತಾ ಬಂದಿದ್ದೇನೆ. ಬುಧವಾರ. ಯಾವ ಬುಧವಾರ ಅಂತ ಯಾರೂ ಕೇಳೋದಿಲ್ಲ, ನಾನೂ ಹೇಳೋದಿಲ್ಲ. ಎರಡನೇ ಪ್ರಶ್ನೆಗೆ ಮಾತ್ರ ಬಾಯಲ್ಲಿ ಸೂಜಿ ಕಚ್ಚಿಕೊಂಡಿರುವ ಹಾಗೆ ನಟಿಸಿ ಸುಮ್ಮನಾಗಿಬಿಡುತ್ತೇನೆ. ಯಾಕೆಂದರೆ ನಿಜ ಹೇಳಿದರೆ ಅವರಿಗೆ ಬೇಜಾರಾಗುತ್ತದೆ. ವೇಷ ಕಟ್ಟೋದಿಲ್ಲ. ಸುಮ್ನೆ ಕುಣಿಯುತ್ತೇನೆ, ಅಷ್ಟೇ.

ನಾನು ಸಾಗರದಲ್ಲಿ ಟೈಲರ್. ವಯಸ್ಸು 47. ಹೋದ ವರ್ಷ ಜೂನ್‌ನಿಂದ ಪ್ರತಿ ಭಾನುವಾರ ಬೆಳಿಗ್ಗೆ 10 ಗಂಟೆಗೆ ಯಕ್ಷಗಾನದ ಹೆಜ್ಜೆ ಕಲಿಯೋಕೆ ಹೋಗುತ್ತಿದ್ದೇನೆ. ಕ್ಲಾಸಿನಲ್ಲಿ ನನ್ನ ಬಿಟ್ಟರೆ ಎಲ್ಲರಿಗಿಂತ ದೊಡ್ಡವಳು ಪಿಯುಸಿ ಹುಡುಗಿ.

ಇದು ಶುರುವಾಗಿದ್ದು ಒಂದು ಹರಿದ ಕಂಕುಳಿನಿಂದ.

ಯಕ್ಷಗಾನ ಕಲಿಸುವ ಮೇಷ್ಟ್ರು ಅಂಗಡಿಗೆ ಬಂದಿದ್ದು ಮಕ್ಕಳಿಗೆ 6 ದಗಲೆ ಹೊಲಿಸೋಕೆ. ದಗಲೆ ಅಂದರೆ ವೇಷದವರು ಮೇಲೆ ಹಾಕಿಕೊಳ್ಳುವ ತುಂಬುತೋಳಿನ ಅಂಗಿ. ಅದರ ಮೇಲೆ ಎದೆಕಟ್ಟು, ಭುಜಕೀರ್ತಿ ಎಲ್ಲಾ ಬರುತ್ತವೆ. ಮೂರು ಕೆಂಪು, ಮೂರು ಹಸಿರು. ಬಟ್ಟೆ ಅವರೇ ತಂದಿದ್ದರು. ನಾನು ಯಾವತ್ತೂ ದಗಲೆ ಹೊಲಿದವಳಲ್ಲ. ಆದರೆ ತುಂಬುತೋಳಿನ ಬ್ಲೌಸ್ ಎಷ್ಟೋ ಹೊಲಿದಿದ್ದೇನಲ್ಲ, ಇದರಲ್ಲೇನು ಮಹಾ ಅಂದುಕೊಂಡೆ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಅಳತೆ ತೆಗೆದುಕೊಂಡೆ. ಬುಧವಾರ ಅಂದೆ. ಅದರ ಮುಂದಿನ ಶನಿವಾರ ಕೊಟ್ಟೆ.

ಭಾನುವಾರ ಮಧ್ಯಾಹ್ನ ಮೇಷ್ಟ್ರು ವಾಪಸ್ ಬಂದರು. ಬೈಯಲಿಲ್ಲ. ಮೂರು ದಗಲೆ ಮೇಜಿನ ಮೇಲೆ ಹರಡಿದರು. ಮೂರಕ್ಕೂ ಕಂಕುಳಲ್ಲಿ ಹರಿದಿತ್ತು. ಹೊಲಿಗೆ ಬಿಟ್ಟಿದ್ದಲ್ಲ, ಬಟ್ಟೆಯೇ ಸೀಳಿತ್ತು. ಹೊಲಿಗೆ ಬಿಟ್ಟರೆ ದಾರದ ಮೇಲೆ ತಪ್ಪು ಹಾಕಬಹುದು. ಬಟ್ಟೆ ಸೀಳಿದರೆ ಕಟಿಂಗ್ ತಪ್ಪು ಅಂತಲೇ ಅರ್ಥ.

"ಅಕ್ಕ, ನೀವು ನಿಂತ ಮಕ್ಕಳ ಅಳತೆ ತಗೊಂಡ್ರಿ. ಇವು ಕುಣಿಯೋ ಮಕ್ಕಳು" ಅಂದರು.

ಹೌದಲ್ಲ! ಬ್ಲೌಸ್ ಹಾಕಿಕೊಂಡವರು ಹೆಚ್ಚೆಂದರೆ ಬಸ್ಸಿನ ಕಂಬಿ ಹಿಡಿಯೋಕೆ ಒಂದು ಕೈ ಎತ್ತುತ್ತಾರೆ. ಈ ಮಕ್ಕಳು ಎರಡೂ ಕೈ ಅಗಲಿಸಿ, ಮೇಲೆತ್ತಿ, ಹಾಗೇ ಗಿರ್ಕಿ ಹೊಡೆಯುತ್ತಾರೆ. ಕೈ ಎಲ್ಲಿವರೆಗೆ ಹೋಗುತ್ತದೆ, ಬೆನ್ನು ಎಷ್ಟು ಹಿಗ್ಗುತ್ತದೆ ಅಂತ ನೋಡದೆ ಕಂಕುಳು ಕತ್ತರಿಸೋಕೆ ಆಗೋದಿಲ್ಲ. ಮುಂದಿನ ಭಾನುವಾರ ಇಂಚ್ ಟೇಪ್ ಕೊರಳಿಗೆ ಹಾಕಿಕೊಂಡು ಕ್ಲಾಸಿಗೇ ಹೋದೆ. ಗೋಡೆಗೆ ಒರಗಿ ಕೂತು ಎರಡು ಗಂಟೆ ಬರೀ ತೋಳುಗಳನ್ನೇ ನೋಡಿದೆ. ಆಮೇಲೆ ಕಂಕುಳಿಗೆ ಅಂಗೈಯಗಲದ ಒಂದು ಚೌಕ ತುಂಡು ಸೇರಿಸಿ ಹೊಲಿದೆ. ಆ ದಗಲೆಗಳು ಇವತ್ತಿಗೂ ಹರಿದಿಲ್ಲ. ಇದನ್ನು ಬರೆಯುವಾಗಲೂ ಸ್ವಲ್ಪ ಜಂಬ ಬರುತ್ತದೆ, ಬರಲಿ ಬಿಡಿ.

ಆದರೆ ಆ ಎರಡು ಗಂಟೆಯಲ್ಲಿ ನನ್ನ ಕಾಲು ಸುಮ್ಮನಿರಲಿಲ್ಲ. ಚಾಪೆಯ ಕೆಳಗೆ ಕಾಲ್ಬೆರಳು ತಟ್ಟುತ್ತಿದ್ದದ್ದು ನನಗೇ ಗೊತ್ತಿರಲಿಲ್ಲ, ಮೇಷ್ಟ್ರು ನೋಡಿದ್ದರು. "ಎದ್ದು ನಿಂತ್ಕೊಳ್ಳಿ ಅಕ್ಕ, ಕೂತ್ಕೊಂಡು ಕುಣಿಯೋಕಾಗಲ್ಲ" ಅಂದರು. ಮಕ್ಕಳು ಕಿಸಕ್ಕನೆ ನಕ್ಕವು. ನಾನು ಎದ್ದೆ. ಯಾಕೆ ಎದ್ದೆ ಅಂತ ಈಗ ಕೇಳಿದರೆ ಹೇಳೋಕೆ ಬರೋದಿಲ್ಲ.

ಮೊದಲ ಎರಡು ತಿಂಗಳು ಬರೀ ಏಕತಾಳ. ನಾಲ್ಕು ಅಕ್ಷರ, ಅಂದರೆ ನಾಲ್ಕು ಎಣಿಕೆ. ತಕಧಿಮಿ, ತಕಧಿಮಿ. ಮೊಣಕಾಲು ಸ್ವಲ್ಪ ಬಗ್ಗಿರಬೇಕು, ಎದೆ ಎತ್ತಿರಬೇಕು, ಪಾದ ನೆಲ ಬಿಟ್ಟು ಮೇಲೆದ್ದು ಪೂರ್ತಿ ಕೆಳಗೆ ಬೀಳಬೇಕು. ಕೇಳೋಕೆ ಇಷ್ಟೇ. ನನ್ನ ಪಾದ ಮೇಲೇಳಲೇ ಇಲ್ಲ. ಬೆರಳು ಒತ್ತಿದರೆ ಹಿಮ್ಮಡಿ ಏಳುತ್ತಿತ್ತು, ಹಿಮ್ಮಡಿ ಒತ್ತಿದರೆ ಬೆರಳು ಏಳುತ್ತಿತ್ತು. ಎರಡೂ ಒಟ್ಟಿಗೆ ನೆಲ ಬಿಡೋದು ಅಂತ ಇಲ್ಲವೇ ಇಲ್ಲ. ಮೇಷ್ಟ್ರು ಬಗ್ಗಿ ನನ್ನ ಕಾಲನ್ನೇ ನೋಡುತ್ತಾ ನಿಂತರು. ಆಮೇಲೆ ನಗು ತಡೆಯೋಕೆ ಆಗಲಿಲ್ಲ ಅವರಿಗೆ.

"ಅಕ್ಕ, ನೀವು ಮೆಷಿನ್ ತುಳೀತಾ ಇದೀರಿ!"

ನಿಜ. ಮೆಷಿನ್ನಿನ ಪೆಡಲ್ ಮೇಲೆ ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಇಟ್ಟು, ಬೆರಳು ಹಿಮ್ಮಡಿ ಬೆರಳು ಹಿಮ್ಮಡಿ ಅಂತ ತೂಗುತ್ತಾ ಇರಬೇಕು. ಪಾದ ಎತ್ತಿದರೆ ಚಕ್ರ ಉಲ್ಟಾ ತಿರುಗಿ ದಾರ ಕಿತ್ತುಹೋಗುತ್ತದೆ. 22 ವರ್ಷ ದಿನಕ್ಕೆ ಎಂಟೊಂಬತ್ತು ಗಂಟೆ ಪಾದ ಎತ್ತಬಾರದು ಅಂತ ಕಲಿತ ಕಾಲು ಇದು. ಈಗ ಎತ್ತು ಅಂದರೆ ಕೇಳುತ್ತದಾ? ನನಗೆ ಕಾಲಿನ ಮೇಲೆ ಸಿಟ್ಟು ಬರಲಿಲ್ಲ, ಪಾಪ ಅನ್ನಿಸಿತು. ಇಷ್ಟು ವರ್ಷ ಹೇಳಿದ್ದನ್ನು ಕೇಳಿಕೊಂಡೇ ಬಂದಿದೆಯಲ್ಲ.

ಸಿಟ್ಟು ಬರಲಿಲ್ಲ ನಿಜ. ನಾಚಿಕೆ ಮಾತ್ರ ಬಂತು. ಅದೂ ಎಂಥಾ ನಾಚಿಕೆ! ಕಿವಿ ಬಿಸಿಯಾಗೋದು. ಏಳನೇ ಕ್ಲಾಸಿನ ಒಂದು ಹುಡುಗಿ ಇದ್ದಾಳೆ, ನನ್ನ ಪಕ್ಕವೇ ನಿಲ್ಲುತ್ತಾಳೆ. ನಾನು ತಪ್ಪಿದಾಗಲೆಲ್ಲ ಮೆತ್ತಗೆ "ಬಲ ಆಂಟಿ, ಬಲ" ಅನ್ನುತ್ತಾಳೆ. ಅವಳ ಯೂನಿಫಾರಂ ಹೊಲಿದವಳು ನಾನು. ಅವಳು ಹೇಳಿದ್ದು ಸರಿಯಾಗಿಯೇ ಇರುತ್ತಿತ್ತು, ಅದೇ ಕಷ್ಟ. ಮನೆಗೆ ಬಂದು ಮುಂದಿನ ವಾರ ಹೋಗೋದಿಲ್ಲ ಅಂತ ನಾಲ್ಕೈದು ಸಲ ನಿರ್ಧಾರ ಮಾಡಿದ್ದೇನೆ. ಭಾನುವಾರ ಬೆಳಿಗ್ಗೆ ದೋಸೆ ಹುಯ್ಯುತ್ತಾ ನಿರ್ಧಾರ ಮರೆತುಹೋಗುತ್ತಿತ್ತು.

ಒಂದು ದಿನ ಅಂಗಡಿಯಲ್ಲಿ ಬ್ಲೌಸಿನ ತೋಳು ಉಲ್ಟಾ ಕೂರಿಸಿಬಿಟ್ಟೆ. ಬಲದ ತೋಳು ಎಡಕ್ಕೆ. ಟೈಲರಿಗೆ ಇದು ದೊಡ್ಡ ವಿಷಯವಲ್ಲ, ತಿಂಗಳಿಗೊಮ್ಮೆ ಆಗುವಂಥದ್ದೇ. ನನ್ನ ಹತ್ತಿರ ಒಂದು ಬ್ಲೇಡಿದೆ. ಅರ್ಧಕ್ಕೆ ಮುರಿದು, ಒಂದು ತುದಿಗೆ ಬಟ್ಟೆ ಸುತ್ತಿ ದಾರ ಕಟ್ಟಿದ್ದು. ಅದನ್ನು ತೆಗೆದುಕೊಂಡು ಎರಡು ಹೊಲಿಗೆ ಬಿಟ್ಟು ಒಂದನ್ನು ಕತ್ತರಿಸುತ್ತಾ ಹೋದರೆ, ಆಮೇಲೆ ಹಿಂದಿನ ದಾರ ಹಿಡಿದು ಎಳೆದರೆ ಸರ್ರನೆ ಪೂರ್ತಿ ಬಂದುಬಿಡುತ್ತದೆ. ಆ ಸರ್ರ್ ಅನ್ನೋ ಸದ್ದು ನನಗೆ ಇಷ್ಟ. ಬಿಚ್ಚುತ್ತಾ ಇದ್ದೆ, ರೇಡಿಯೋ ಹಾಡುತ್ತಿತ್ತು, ಗಿರಾಕಿಯೊಬ್ಬರು ಹರಟೆ ಹೊಡೆಯುತ್ತಾ ಕೂತಿದ್ದರು. ಆಗ ಹೊಳೆಯಿತು. ಇಲ್ಲಿ ಗಿರಾಕಿ ಎದುರಿಗೇ ತಪ್ಪು ಬಿಚ್ಚುತ್ತಾ ಕೂತಿದ್ದೇನೆ, ಕಿವಿ ತಣ್ಣಗಿದೆ. ಅಲ್ಲಿ ಒಂದು ಹೆಜ್ಜೆ ತಪ್ಪಿದರೆ ಯಾಕೆ ಹಾಗೆ ಬಿಸಿಯಾಗಬೇಕು? ಹೊಲಿಯೋದರಲ್ಲಿ ಬಿಚ್ಚೋದೂ ಸೇರಿದೆ ಅಂತ ನನಗೆ ಮೊದಲಿಂದ ಗೊತ್ತು. ಕುಣಿಯೋದರಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಆ ಭಾನುವಾರ ತಪ್ಪಿದಾಗ ನಾನೇ ಹೇಳಿದೆ, "ಮೇಷ್ಟ್ರೇ, ಬಿಚ್ಚಿ ಹಾಕ್ತೀನಿ, ತಡೀರಿ." ಅವರಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಈಗ ಇಡೀ ಕ್ಲಾಸಿನಲ್ಲಿ ಅದೇ ಮಾತು. ಮಕ್ಕಳು ತಪ್ಪಿದರೆ "ಸರ್, ಬಿಚ್ಚಿ ಹಾಕ್ತೀವಿ" ಅನ್ನುತ್ತವೆ.

ನಾನು ಹುಟ್ಟಿದ್ದು ಶರಾವತಿ ಹಿನ್ನೀರಿನ ಆಚೆ, ತುಮರಿ ಕಡೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ನಮ್ಮ ಕಡೆಯವರಿಗೆ ಸಾಗರ ಅಂದರೆ ಲಾಂಚ್ ದಾಟಿ ಹೋಗುವ ಊರು. 2025ರ ಜುಲೈನಲ್ಲಿ ಸೇತುವೆ ಆಯ್ತು, ಈಗ ಬರ್ರನೆ ಹೋಗಿ ಬರುತ್ತಾರೆ. ನನ್ನ ಚಿಕ್ಕಂದಿನಲ್ಲಿ ಸಂಜೆ ಲಾಂಚ್ ತಪ್ಪಿದರೆ ಬೆಳಿಗ್ಗೆವರೆಗೆ ಈಚೆ ದಡವೇ ಗತಿ. ಅದಕ್ಕೇ ಆಟ, ಅಂದರೆ ಯಕ್ಷಗಾನ, ನೋಡೋಕೆ ಅಂತ ಬಂದರೆ ಸಾಗರದಲ್ಲಿ ಚಿಕ್ಕಮ್ಮನ ಮನೆಯಲ್ಲಿ ಉಳಿಯುತ್ತಿದ್ದೆವು. ಉಳಿಯೋದು ಎಂಥದ್ದು, ರಾತ್ರಿಯಿಡೀ ಟೆಂಟಿನಲ್ಲಿ, ಬೆಳಿಗ್ಗೆ ಅವರ ಜಗುಲಿಯಲ್ಲಿ ನಿದ್ದೆ.

ಹಾಗೆ ಒಂದು ರಾತ್ರಿ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರ ನೋಡಿದೆ. ನಾನಾಗ ಐದನೇ ಕ್ಲಾಸೋ ಆರನೇ ಕ್ಲಾಸೋ. ಅರ್ಧ ಆಟ ಮಾವನ ತೊಡೆ ಮೇಲೆ ನಿದ್ದೆ ಮಾಡಿದ್ದೆ. ಮೋಹಿನಿ ಬಂದಾಗ ಎಬ್ಬಿಸಿದರು. ಕಥೆ ಗೊತ್ತೇ ಇದೆ. ಯಾರ ತಲೆ ಮೇಲೆ ಕೈ ಇಟ್ಟರೂ ಅವರು ಬೂದಿ ಅನ್ನೋ ವರ ಅವನಿಗೆ. ಮೋಹಿನಿ ಕುಣಿದ ಹಾಗೆ ಇವನೂ ಕುಣಿಯಬೇಕು. ಅವಳು ಕೈ ತಿರುಗಿಸಿದರೆ ಇವನೂ ತಿರುಗಿಸುತ್ತಾನೆ, ಅವಳು ಸೊಂಟ ಬಳುಕಿಸಿದರೆ ಇವನೂ. ಕೊನೆಗೆ ಅವಳು ತಲೆ ಮೇಲೆ ಕೈ ಇಡುತ್ತಾಳೆ. ಇವನೂ ಇಟ್ಟುಕೊಳ್ಳುತ್ತಾನೆ. ಮುಗೀತು.

ಆ ದಿನ ನಾನು ನೋಡಿದ್ದು ರಾಕ್ಷಸ ಸಾಯೋದನ್ನಲ್ಲ. ಅಷ್ಟು ದೊಡ್ಡ ವೇಷ, ಅಷ್ಟು ಭಾರದ ಸಾಮಾನು ಹೊತ್ತುಕೊಂಡು, ಹೊಸದಾಗಿ ಕುಣಿಯೋಕೆ ಕಲಿಯುತ್ತಾ ಖುಷಿ ಪಡುವುದನ್ನು. ಪ್ರತಿ ಹೆಜ್ಜೆ ಬಂದಾಗಲೂ ಮುಖದಲ್ಲಿ "ಬಂತು ನೋಡು!" ಅನ್ನೋ ಹಿಗ್ಗು. ಮೋಹಿನಿ ಮೇಲಿನ ಮೋಹ ಒಂದು ಕಡೆ ಇರಲಿ, ಆ ಹೊತ್ತಿಗೆ ಅವನಿಗೆ ಹೆಜ್ಜೆಯ ಮೇಲೇ ಮೋಹ ಹತ್ತಿದಂತಿತ್ತು. ಹೀಗಂತ ಆಗ ಅನ್ನಿಸಿರಲಿಲ್ಲ ಬಿಡಿ, ಈಗ ನಾನೇ ಅದೇ ಸ್ಥಿತಿಯಲ್ಲಿರುವಾಗ ನೆನಪಾಗುತ್ತದೆ. ಮೇಷ್ಟ್ರಿಗೆ ಇದನ್ನು ಹೇಳಿದೆ. "ಗುರು ಮಾಡಿದ್ದನ್ನ ಹಾಗ್‌ಹಾಗೇ ಮಾಡಿದ್ರೆ ಏನಾಗ್ತದೆ ಅಂತ ಗೊತ್ತಾಯ್ತಲ್ಲ ಅಕ್ಕ, ನನ್ನ ಕೈ ನೋಡ್ಬೇಡಿ, ತಾಳ ಕೇಳಿ" ಅಂದರು.

ಚಿಟ್ಟಾಣಿಯವರಿಗೆ 2012ರಲ್ಲಿ ಪದ್ಮಶ್ರೀ ಬಂತು. 2017ರಲ್ಲಿ ತೀರಿಕೊಂಡರು. 80 ದಾಟಿದ ಮೇಲೂ ಗೆಜ್ಜೆ ಕಟ್ಟಿ ರಂಗಕ್ಕೆ ಬರುತ್ತಿದ್ದರು. 47ಕ್ಕೆ ಕಾಲು ನೋವು ಅನ್ನೋಕೆ ನನಗೆ ನಾಚಿಕೆಯಾಗುತ್ತದೆ, ಆದರೂ ಅನ್ನುತ್ತೇನೆ.

ಕಾಲು ನೋವಿನ ಮಾತು ಬಂತು, ಹೇಳಿಬಿಡುತ್ತೇನೆ. ನಮ್ಮ ಕಡೆಯ ಯಕ್ಷಗಾನ ಶೈಲಿ ಬಡಗುತಿಟ್ಟಿನಲ್ಲಿ ಮಂಡಿ ಹಾಕೋದು ಅಂತ ಇದೆ. ಎರಡೂ ಮೊಣಕಾಲು ನೆಲಕ್ಕೂರಿ ಅದರ ಮೇಲೇ ಗರಗರ ತಿರುಗೋದು. ಅಭಿಮನ್ಯು, ಬಭ್ರುವಾಹನನಂಥ ಪುಂಡು ವೇಷದವರು, ಅಂದರೆ ಹುಡುಗ ವೀರರ ಪಾತ್ರದವರು, ಹಾಕಿದರೆ ಜನ ಶಿಳ್ಳೆ ಹೊಡೆಯುತ್ತಾರೆ. ನನಗೆ ಅದು ನಿಷಿದ್ಧ. ಡಾಕ್ಟರು ಫೋಟೋ ತೆಗೆಸಿ, ಮೊಣಕಾಲು ಸವೆಯೋಕೆ ಶುರುವಾಗಿದೆ, ನೆಲಕ್ಕೆ ಕುಕ್ಕಬೇಡಿ ಅಂದಿದ್ದಾರೆ. ನಮ್ಮನೆಯವರು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ. "ನಮ್ಮನೇಲಿ ಒಂದೇ ಮಂಡಿ ಸಾಕು" ಅಂದರು. ಮಕ್ಕಳು ಮಂಡಿ ಹಾಕುವಾಗ ನಾನು ಗೋಡೆ ಪಕ್ಕ ನಿಂತು ತಾಳ ಹಾಕುತ್ತೇನೆ. ಮೊದಮೊದಲು ಹೊಟ್ಟೆಕಿಚ್ಚಾಗುತ್ತಿತ್ತು. ಈಗಲೂ ಸ್ವಲ್ಪ ಆಗುತ್ತದೆ. ಆದರೆ ತಾಳ ಹಾಕಿ ಹಾಕಿ ಒಂದು ಲಾಭ ಆಯ್ತು. ಯಾರ ಹೆಜ್ಜೆ ತಾಳಕ್ಕಿಂತ ಒಂದು ಕೂದಲೆಳೆ ಮುಂದೆ ಓಡುತ್ತಿದೆ ಅಂತ ಕಣ್ಣುಮುಚ್ಚಿಕೊಂಡು ಹೇಳಬಲ್ಲೆ. ನನ್ನದೇ ಓಡುವಾಗ ಮಾತ್ರ ಗೊತ್ತಾಗೋದಿಲ್ಲ.

ಈಗ ತ್ರಿವುಡೆ ತಾಳದ ವಿಷಯ. ಇದನ್ನು ಬರೆಯೋಕೇ ಇಷ್ಟೆಲ್ಲ ಬರೆದೆ ಅಂದರೂ ನಡೆಯುತ್ತದೆ.

ಏಕತಾಳಕ್ಕೆ 4 ಅಕ್ಷರ, ರೂಪಕಕ್ಕೆ 6. ಎರಡೂ ಸರಿಸಂಖ್ಯೆ. ಅಕ್ಷರಕ್ಕೊಂದು ಹೆಜ್ಜೆ ಇಟ್ಟುಕೊಂಡು ನಡೆದರೆ ಬಲಗಾಲಲ್ಲಿ ಶುರುವಾದದ್ದು ಎಡಗಾಲಲ್ಲಿ ಮುಗಿಯುತ್ತದೆ, ಮುಂದಿನ ಆವರ್ತನ, ಅಂದರೆ ತಾಳದ ಮುಂದಿನ ಸುತ್ತು, ಮತ್ತೆ ಬಲಗಾಲಿಗೇ ಬರುತ್ತದೆ. ಕಾಲಿಗೆ ನೆಮ್ಮದಿ. ತ್ರಿವುಡೆಗೆ 7. ತಕಿಟ ತಕಧಿಮಿ. ಮೂರು, ನಾಲ್ಕು. ಬಲಗಾಲಲ್ಲಿ ಶುರುವಾದರೆ ಬಲಗಾಲಲ್ಲೇ ಮುಗಿಯುತ್ತದೆ. ಮುಂದಿನ ಆವರ್ತನ ಎಡಗಾಲಿಂದ ಶುರು ಮಾಡಬೇಕು. ನನ್ನ ಕಾಲು ಇದಕ್ಕೆ ಒಪ್ಪಲೇ ಇಲ್ಲ. ಏಳು ಆದ ಮೇಲೆ ಎಂಟನೇದೊಂದು ಹೆಜ್ಜೆ ಎಲ್ಲಿಂದಲೋ ಕಳ್ಳನ ಹಾಗೆ ಬಂದು ಕೂತುಬಿಡುತ್ತಿತ್ತು. ಲೆಕ್ಕ ಸರಿ ಮಾಡೋಕೆ ಹೊರಟ ಕಾಲು.

ಮೇಷ್ಟ್ರು ಕುಣಿಸೋದನ್ನು ನಿಲ್ಲಿಸಿ, "ಬರೀ ನಡೀರಿ ಅಕ್ಕ, ಮನೇಲಿ ಏಳೇಳು ಲೆಕ್ಕ ಹಾಕಿ ನಡೀರಿ" ಅಂದರು. ನಮ್ಮದು ಹಳೇ ಮನೆ. ಅಡುಗೆಮನೆಯಿಂದ ಬಚ್ಚಲಿಗೆ ಎಣಿಸಿದೆ, 21 ಹೆಜ್ಜೆ. ಸರಿಯಾಗಿ ಮೂರು ಆವರ್ತನ! ಮನೆ ಕಟ್ಟಿಸಿದ ಮಾವನವರಿಗೆ ಆಟದ ಹುಚ್ಚಿತ್ತು ಅಂತ ಕೇಳಿದ್ದೇನೆ, ಆದರೆ ಇಷ್ಟರಮಟ್ಟಿಗೆ ಅಂತ ಗೊತ್ತಿರಲಿಲ್ಲ. ಬೆಳಿಗ್ಗೆ ಬಚ್ಚಲ ಒಲೆಗೆ ಬೆಂಕಿ ಹಾಕೋಕೆ ಹೋಗುವಾಗ ಬಲಗಾಲಿಂದ ಶುರು, ವಾಪಸ್ ಬರುವಾಗ ಎಡಗಾಲಿಂದ. ಸ್ನಾನಕ್ಕೆ ನೀರು ಕಾದಿದೆಯಾ ಅಂತ ನೋಡೋಕೆ ಒಂದು ಸಲ, ಸೌದೆ ಒಟ್ಟೋಕೆ ಇನ್ನೊಂದು ಸಲ. ಮಳೆಗಾಲದಲ್ಲಿ ಬಚ್ಚಲ ಒಲೆ ಮೇಲೆ ಬಟ್ಟೆ ಒಣಗಿಸೋಕೆ ಹೇಗೂ ಹತ್ತು ಸಲ ಹೋಗಬೇಕಲ್ಲ. "ಇವಳಿಗೆ ಏನೋ ಆಗಿದೆ, ಬಚ್ಚಲಿಗೆ ಹೋಗಿ ಹೋಗಿ ಬರ್ತಾಳೆ" ಅಂತ ಅತ್ತೆ ನಮ್ಮನೆಯವರ ಹತ್ತಿರ ಪಿಸುಗುಟ್ಟಿದ್ದು ನನಗೆ ಕೇಳಿತು.

ಮೂರು ವಾರ ಹೀಗೆ ನಡೆದೆ. ನಾಲ್ಕನೇ ಭಾನುವಾರ ಕ್ಲಾಸಿಗೆ ಮದ್ದಲೆಯವರು ಬಂದಿದ್ದರು. ಅಲ್ಲಿವರೆಗೆ ನಮ್ಮದು ಬಾಯಿತಾಳವೇ, ಜಾಸ್ತಿ ಅಂದರೆ ಮೇಷ್ಟ್ರ ಕೈಯಲ್ಲಿ ತಾಳ. ಮೇಳಗಳು ಮಳೆಗಾಲದಲ್ಲಿ ತಿರುಗಾಟ ನಿಲ್ಲಿಸುತ್ತವೆ, ಹಾಗಾಗಿ ಇವರಿಗೆ ಬಿಡುವಿತ್ತು. ವಯಸ್ಸಾದವರು, ಕವಳ ಹಾಕಿಕೊಂಡು ಮಾತು ಕಡಿಮೆ. ಬಂದು ಕೂತು ಶ್ರುತಿಗೆ ಹೊಂದಿಸಿಕೊಂಡರು. ಹಿರಿಯಡಕ ಗೋಪಾಲ ರಾಯರು 100 ವರ್ಷ ದಾಟಿ 2020ರಲ್ಲಿ ತೀರಿಕೊಂಡರಲ್ಲ, ಅವರ ಮದ್ದಲೆ ಎದುರಿಗೇ ಕೂತು ಕೇಳಿದ್ದೇನೆ ಅಂತ ಒಂದೇ ಮಾತು ಹೇಳಿದರು. ಆಮೇಲೆ ಮಾತಿಲ್ಲ, ಬರೀ ಬೆರಳು.

ಬಾಯಿತಾಳಕ್ಕೆ ಕುಣಿಯೋದು ಬೇರೆ, ಮದ್ದಲೆಗೆ ಕುಣಿಯೋದು ಬೇರೆ. ಬಾಯಿತಾಳ ಕಿವಿಯಿಂದ ತಲೆಗೆ ಹೋಗಿ ಅಲ್ಲಿಂದ ಕಾಲಿಗೆ ಬರಬೇಕು. ಮದ್ದಲೆ ಸೀದಾ ಹೊಟ್ಟೆಗೆ ಬಂದು ಬೀಳುತ್ತದೆ. ಮೊದಲ ಸುತ್ತು ಪೂರ್ತಿ ಹಾಳು ಮಾಡಿದೆ. ಎಂಟನೇ ಹೆಜ್ಜೆ ಬಂತು, ಬಿಚ್ಚಿ ಹಾಕಿದೆ. ಇನ್ನೊಂದು ಸಲ. ಅಷ್ಟರಲ್ಲಿ ಗಮನಿಸಿದೆ, ಅವರು ಮದ್ದಲೆ ನೋಡುತ್ತಿಲ್ಲ. ಮೇಷ್ಟ್ರನ್ನೂ ನೋಡುತ್ತಿಲ್ಲ. ನನ್ನ ಪಾದ ನೋಡುತ್ತಿದ್ದಾರೆ. ನಾನು ತಡವಾದರೆ ಒಂದು ಪೆಟ್ಟು ಹಿಡಿದು ಕಾಯುತ್ತಾರೆ, ನಾನು ಓಡಿದರೆ ಗಟ್ಟಿಯಾಗಿ ಒಂದು ಕೊಟ್ಟು ನಿಲ್ಲಿಸುತ್ತಾರೆ. ಆಟದಲ್ಲಿ ಹಾಡಿ ಬಾರಿಸುವ ಹಿಮ್ಮೇಳದವರು ಕುಣಿಯುವ ಮುಮ್ಮೇಳದವರನ್ನು ಹೀಗೇ ನೋಡಿಕೊಂಡು ಬಾರಿಸೋದಂತೆ. ಅಲ್ಲಿ ರಿಹರ್ಸಲ್ ಅಂತ ಇರೋದಿಲ್ಲ. ಹಾಡುವ ಭಾಗವತರು ಪದ ಎತ್ತಿದರೆ ಆಯ್ತು, ಉಳಿದದ್ದು ಅವತ್ತಿನ ರಾತ್ರಿ ಅಲ್ಲಲ್ಲೇ ಆಗಬೇಕು.

ನಾಲ್ಕನೆಯದೋ ಐದನೆಯದೋ ಸುತ್ತು. ತಕಿಟ ತಕಧಿಮಿ, ಏಳು ಮುಗೀತು. ಎಡಗಾಲು ತಾನೇ ಬಂತು.

ನಾನು ಕರೆದಿರಲಿಲ್ಲ. ಎಣಿಸುತ್ತಲೂ ಇರಲಿಲ್ಲ. ಬಲಗಾಲು ನೆಲಕ್ಕೆ ಬಿದ್ದ ಸದ್ದು, ಮದ್ದಲೆಯ ಪೆಟ್ಟು ಎರಡೂ ಒಂದೇ ಆಗಿ, ಅದರ ಬೆನ್ನಿಗೇ ಎಡಗಾಲು ಎದ್ದಿತ್ತು. ಅಂಗಾಲು ಸಿಮೆಂಟು ನೆಲಕ್ಕೆ ತಟ್ಟಿ ತಟ್ಟಿ ಉರಿಯುತ್ತಿತ್ತು. ಆ ಉರಿಯೂ ಹಿತವಾಗಿತ್ತು ಅಂದರೆ ನಂಬುತ್ತೀರಾ? ನಾನು ಜೋರಾಗಿ ನಕ್ಕುಬಿಟ್ಟೆ. ಮದ್ದಲೆ ನಿಂತಿತು.

"ಏನಾಯ್ತು ಅಕ್ಕ?"

"ಏನಿಲ್ಲ ಮೇಷ್ಟ್ರೇ. ಇನ್ನೊಂದ್ಸಲ."

ಇನ್ನೊಂದು ಸಲಕ್ಕೆ ಬರಲಿಲ್ಲ. ಅದರ ಮುಂದಿನದಕ್ಕೆ ಬಂತು. ಮದ್ದಲೆಯವರು ಕವಳ ಉಗಿದು ಬಂದು, ಹೋಗುವಾಗ ನನ್ನ ಕಡೆ ನೋಡಿ, "ಲಾಯ್ಕಿತ್ತು" ಅಂದರು. ಕುಂದಾಪುರದ ಕಡೆಯವರು ಇರಬೇಕು. ಗಿರಾಕಿಗಳು ಬ್ಲೌಸ್ ಫಿಟ್ಟಿಂಗ್ ಚೆನ್ನಾಗಿದೆ ಅಂದಾಗ ನನಗೆ ಇಷ್ಟು ಖುಷಿಯಾಗಿದ್ದು ನೆನಪಿಲ್ಲ.

ಈ ಖುಷಿಯನ್ನು ಜನಕ್ಕೆ ಹೇಗೆ ಹೇಳೋದು ಅನ್ನೋದೇ ಸಮಸ್ಯೆ. ಸಾಗರದ ಜನ ಒಳ್ಳೆಯವರು, ಆದರೆ ಏನು ಮಾಡಿದರೂ ಅದರಿಂದ ಏನಾದರೂ ಆಗಬೇಕು ಅನ್ನುತ್ತಾರೆ. ತೂಕ ಎಷ್ಟಿಳೀತು? ಇಳಿದಿಲ್ಲ. ಶುಗರ್ ಕಮ್ಮಿ ಆಯ್ತಾ? ನನಗೆ ಶುಗರ್ ಇಲ್ಲ. ಮಾರಿಜಾತ್ರೆಗೆ ಮಹಿಳಾ ತಂಡ ಮಾಡ್ತೀರಾ? ಇಲ್ಲ. ಹಾಗಾದ್ರೆ ಮತ್ತೆ ಯಾಕೆ? ಈ "ಮತ್ತೆ ಯಾಕೆ"ಗೆ ಉತ್ತರ ಹುಡುಕಿ ನನಗೆ ಸಾಕಾಗಿದೆ. ಸಂಜೆ ಹೊತ್ತು ಗಣಪತಿ ಕೆರೆ ಏರಿ ಮೇಲೆ ಕೂತು ಗಾಳಿ ಕುಡಿಯುವವರನ್ನು ಯಾರಾದರೂ ಕೇಳುತ್ತಾರಾ, ಯಾವಾಗ ಸ್ಟೇಜ್ ಅಂತ?

ವೇಷ ಕಟ್ಟುವವರ ಬಗ್ಗೆ ನನಗೆ ಅಸಡ್ಡೆ ಇಲ್ಲ. ಹೆಂಗಸರು ರಂಗದ ಮೇಲೆ ಅರ್ಜುನನಾಗಿ, ಕೀಚಕನಾಗಿ ಬರೋದನ್ನು ಮುಂದಿನ ಸಾಲಿನಲ್ಲಿ ಕೂತು ನೋಡುತ್ತೇನೆ, ಚಪ್ಪಾಳೆ ಹೊಡೆಯುತ್ತೇನೆ. ಅವರ ದಗಲೆ ಕಂಕುಳೂ ನೋಡುತ್ತೇನೆ, ಅದು ಬಿಡಿ. ನನಗೆ ಬೇಕಾದ್ದು ಅದಲ್ಲ, ಅಷ್ಟೇ. ಆ ಏಳನೇ ಕ್ಲಾಸಿನ ಹುಡುಗಿಗೆ ರಂಗ ಬೇಕು. ಅವಳು ಕನ್ನಡಿ ಮುಂದೆ ನಿಂತು ಕಣ್ಣು ಹೊರಳಿಸುತ್ತಾಳೆ, ಅವಳಿಗೆ ಅದು ಒಪ್ಪುತ್ತದೆ. ನನಗೆ ಏಳು ಅಕ್ಷರ ಮುಗಿದು ಎಡಗಾಲು ತಾನೇ ಬರೋದು ಬೇಕು. ಅದನ್ನು ನೋಡೋಕೆ ಯಾರೂ ಇಲ್ಲದಿದ್ದರೂ ಅದು ಬರುತ್ತದೆ. ಬಚ್ಚಲ ದಾರಿಯಲ್ಲೂ ಬರುತ್ತದೆ.

ಒಂದು ಸಲ ಪಿಯುಸಿ ಹುಡುಗಿ ನನಗೆ ಗೊತ್ತಿಲ್ಲದೆ ಮೊಬೈಲಿನಲ್ಲಿ ವಿಡಿಯೋ ಮಾಡಿದಳು. "ಆಂಟಿ, ರೀಲ್ಸ್ ಹಾಕ್ಲಾ?" ಅಂದಳು. ತೋರಿಸು ಅಂದೆ. ನೋಡಿದೆ. ಮೊದಲು ಕಣ್ಣಿಗೆ ಬಿದ್ದದ್ದು ನನ್ನ ಚೂಡಿದಾರದ ಭುಜ. ಬಲಗಡೆ ಅರ್ಧ ಇಂಚು ಇಳಿದಿದೆ! ಊರಿಗೆಲ್ಲ ಹೊಲಿದುಕೊಟ್ಟು ನನ್ನದನ್ನೇ ನೋಡಿಕೊಂಡಿರಲಿಲ್ಲ. ಆಮೇಲೆ ಕುಣಿತ ನೋಡಿದೆ. ಒಳಗಿಂದ ಅನ್ನಿಸಿದ್ದಕ್ಕೂ ಹೊರಗಿಂದ ಕಾಣೋದಕ್ಕೂ ಸಂಬಂಧವೇ ಇಲ್ಲ. ಒಳಗೆ ನಾನು ನವಿಲು. ಮೊಬೈಲಿನಲ್ಲಿ ಗೊಬ್ಬರ ತುಳಿಯುವ ಹೆಂಗಸು. ಡಿಲೀಟ್ ಮಾಡಿಸಿದೆ. ಆದರೆ ಎರಡು ದಿನ ತಲೆ ಕೆಟ್ಟಿದ್ದು ನಿಜ. ಮುಂದಿನ ಭಾನುವಾರ ಕುಣಿಯುವಾಗ ಪೂರ್ತಿ ಹೊತ್ತು ಆ ಮೊಬೈಲ್ ಹೆಂಗಸೇ ಕಣ್ಣೆದುರು. ಒಂದು ಹೆಜ್ಜೆಯೂ ಸರಿ ಬರಲಿಲ್ಲ, ಏಕತಾಳ ಕೂಡ. ಮೇಷ್ಟ್ರು ಏನೂ ಕೇಳಲಿಲ್ಲ. ಕನ್ನಡಿ ಮೇಲೆ ಒಂದು ಬೆಡ್‌ಶೀಟ್ ಎಳೆದರು, ಎಲ್ಲರೂ ಗೋಡೆ ಕಡೆ ತಿರುಗಿ ಕುಣೀರಿ ಅಂದರು. ಸುಣ್ಣ ಉದುರಿದ ಗೋಡೆ ನೋಡುತ್ತಾ ಕುಣಿದೆ. ಅರ್ಧ ಗಂಟೆಯಲ್ಲಿ ಸರಿಹೋಯ್ತು.

ಈಗ ಮಳೆ ಹಿಡಿದಿದೆ. ನಮ್ಮ ಕ್ಲಾಸಿನ ಹಾಲ್‌ಗೆ ತಗಡಿನ ಶೀಟು. ಮಳೆ ಜೋರಾದರೆ ಮೇಷ್ಟ್ರ ಬಾಯಿತಾಳ ಕೇಳೋದಿಲ್ಲ, ಮದ್ದಲೆಯೂ ಕೇಳೋದಿಲ್ಲ, ಪಕ್ಕದವರ ಹೆಜ್ಜೆಯೂ ಕೇಳೋದಿಲ್ಲ. ನೆಲದ ಮೂಲಕ ಮಾತ್ರ ಬರುತ್ತದೆ, ಅಂಗಾಲಿಗೆ. ಹತ್ತು ಮಕ್ಕಳು ಒಟ್ಟಿಗೆ ತಟ್ಟಿದರೆ ಸಿಮೆಂಟು ನೆಲ ಸಣ್ಣಗೆ ನಡುಗುತ್ತದೆ, ಗೊತ್ತಾ? ಹೋದ ಭಾನುವಾರ ಅರ್ಧ ಗಂಟೆ ಹಾಗೇ ಕುಣಿದೆವು, ಕಿವುಡರ ಹಾಗೆ, ಮೇಷ್ಟ್ರ ಕೈ ಮೇಲೇಳೋದನ್ನೇ ನೋಡುತ್ತಾ. ಹೊರಗೆ ಚರಂಡಿ ತುಂಬಿ ಚಪ್ಪಲಿಗಳೆಲ್ಲ ತೇಲಿಹೋಗಿದ್ದವು. ನನ್ನದು ಒಂದು ಸಿಕ್ಕಿತು, ಇನ್ನೊಂದು ಇನ್ನೂ ಇಲ್ಲ.

ಮಳೆ ನಿಂತ ಮೇಲೆ ಮೇಷ್ಟ್ರು, "ಮುಂದಿನ ವಾರದಿಂದ ಝಂಪೆ" ಅಂದರು. 10 ಅಕ್ಷರ. ಅಡುಗೆಮನೆಯಿಂದ ಬಚ್ಚಲಿಗೆ ಲೆಕ್ಕ ಹಾಕಿದೆ, 21ಕ್ಕೆ ಸರಿಹೋಗೋದಿಲ್ಲ, ಒಂದು ಹೆಜ್ಜೆ ಉಳಿಯುತ್ತದೆ. ಸ್ವಲ್ಪ ಉದ್ದ ಹೆಜ್ಜೆ ಹಾಕಿದರೆ 20ಕ್ಕೆ ಮುಟ್ಟಬಹುದೇನೋ.

"ಝಂಪೆ ನನಗೆ ಯಾವಾಗ ಬರ್ತದೆ ಮೇಷ್ಟ್ರೇ?" ಅಂತ ಕೇಳಿದೆ.

ಗೆಜ್ಜೆ ಡಬ್ಬಿ ಮುಚ್ಚುತ್ತಾ ಇದ್ದವರು ತಲೆಯೆತ್ತದೆ ಹೇಳಿದರು, "ಬುಧವಾರ."